ಪಿಕಲಂ ಪಾನ

ಫೋನಿನಲ್ಲಿ ಬರಿ ಬರಿ ಅಂತ ಮೊಮ್ಮಗಳು ಜೀವ ತಿನ್ನುತ್ತಾಳೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇದೆಲ್ಲ ಯಾಕೆ ಬೇಕು? ಇವತ್ತು ಉಮರ್ಗಾದ ಬಸ್ ಸ್ಟ್ಯಾಂಡಿನಲ್ಲಿ ವೀಳ್ಯದೆಲೆ ಬುಟ್ಟಿಯ ಹಸಿ ವಾಸನೆ ಮೂಗಿಗೆ ಬಡಿಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಕಾಸಾರಶಿರಸಿಯ ಸಂತೆಯಲ್ಲಿ ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ವೀಳ್ಯದೆಲೆ ಮಾರುತ್ತಿದ್ದ. ನಿಜಾಮನ ರಾಜ್ಯ ಹೋಗಿದ್ದರೂ ಅವನ ಸಿಕ್ಕಾ ನಾಣ್ಯ ಇನ್ನೂ ನಡೆಯುತ್ತಿತ್ತು. ಒದ್ದೆ ಅರಿವೆ ಸರಿಸಿ, ಹಳದಿ ತಿರುಗಿದ ಎಲೆ ಕಂಡರೆ ಮುತ್ಯಾ ಆರಿಸಿ ಒಗೆಯುತ್ತಿದ್ದ. ಒಂದು ದಿನ ಕಾಯಂ ಗಿರಾಕಿಯಾದ ಮರಾಠಿ ಸಾಹುಕಾರ ಮುತ್ಯಾನ ನಡುಗುವ ಕೈ ನೋಡಿ, ಪಕ್ಕದಲ್ಲಿ ಕೂತಿದ್ದ ನನ್ನ ಅಪ್ಪನಿಗೆ ಮೆಲ್ಲಗೆ ಅಂದ: "ಪಿಕಲಂ ಪಾನ ಆಹೆ, ಸಾಂಭಾಳಾ."

ಹಣ್ಣಾದ ಎಲೆ ಅಂತ ಅದರರ್ಥ. ಮುತ್ಯಾನಿಗೆ ಪಾನ ಅಂದರೆ ವೀಳ್ಯದೆಲೆ ಒಂದೇ. ಎದ್ದು ನಿಂತ.

"ಹಣ್ಣೆಲಿ ಎಲ್ಲಿ ಅದ ತೋರ್ಸು! ಅಂಥಾದ್ದು ಮಾರೋ ಮನಿತನ ಅಲ್ಲ ನಮ್ದು. ಇನ್ನ ನಿನಗ ಒಂದು ಎಲಿನೂ ಕೊಡಲ್ಲ, ನಡಿ!"

ಗಿರಾಕಿ ಕೈತಪ್ಪುತ್ತಾನೆಂದು ಅಪ್ಪ ಗಾಬರಿಯಾದ. "ಯಪ್ಪಾ, ಎಲಿಗಿ ಅಂದಿಲ್ಲೋ, ನಿನಗ ಅಂದಾರ. ವಯಸ್ಸಾದವರಿಗಿ ಮರಾಠಿ ಮಂದಿ ಹಂಗ ಅಂತಾರ. ಯಾವಾಗ ಉದುರ್ತದೋ ಗೊತ್ತಿಲ್ಲ, ಜ್ವಾಕಿ ಮಾಡ್ರಿ ಅಂತ."

ಮುತ್ಯಾ ನಿಧಾನಕ್ಕೆ ಕುಳಿತ. "ನನಗ ಅಂದಾನ? ಹಂಗಂದ್ರ ಖರೇನ ಅಂದಾನ ತಗೋ. ಎಲಿಗಿ ಮಾತ್ರ ಅನಬಾರ್ದು." ನಕ್ಕು, ಸಾಹುಕಾರನಿಗೆ ಒಂದು ಹಿಡಿ ಎಲೆ ಹೆಚ್ಚಿಗೇ ಕೊಟ್ಟ.

ಈಗ ಜನ ನನಗೂ ಹಾಗೇ ಅನ್ನುತ್ತಾರೆ. ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ನಿಮ್ಮ ಮನೆಯ ಹಿರಿಯರಿಗೆ ನೀವು ಏನಂತೀರಿ, ಅವರ ಎದುರಿಗೆ ಅಂತೀರೋ ಹಿಂದೆ ಅಂತೀರೋ? ಬರುವ ಸೋಮವಾರದೊಳಗೆ ಇದರ ಕೆಳಗೆ ಬರೆದು ಹಾಕಿ. ಬರೀ ಲೈಕಿನ ಹೆಬ್ಬೆರಳು ಒತ್ತಿ ಹೋಗಬೇಡಿ.