ರುಫೀನಾ ಅಜ್ಜಿಯ ಹೀರೆ ಬೀಜ

ಇಲೊಕೋಸ್ ಸೀಮೆಯ ನಮ್ಮ ಊರಿನಲ್ಲಿ ರುಫೀನಾ ಅಜ್ಜಿಯಂಥ ಜಿಪುಣಿ ಇನ್ನೊಬ್ಬಳಿಲ್ಲ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಅವಳ ತಾಯಿಯ ಕಾಲದಿಂದ ಬಂದ ತಳಿಯ ಹೀರೆಯ ಒಣಕಾಯಿಗಳು ಒಲೆಯ ಮೇಲೆ ಹೊಗೆ ಕುಡಿಯುತ್ತ ತೂಗುತ್ತಿರುತ್ತವೆ. ಕೇಳಿದವರಿಗೆ ಒಂದು ಬೀಜವನ್ನೂ ಕೊಡುವುದಿಲ್ಲ.

ಮನಿಲಾದಿಂದ ನಮ್ಮ ಪಕ್ಕದ ಮನೆಗೆ ಸೊಸೆಯಾಗಿ ಬಂದ ಪೆರ್ಲಿಟಾ ಪೇಟೆಯ ಪೊಟ್ಟಣದ ಬೀಜ ಹಾಕಿ ನೋಡಿದ್ದಳು. ಆ ಬಳ್ಳಿಯಿಂದ ಎತ್ತಿಟ್ಟ ಬೀಜ ಮರುವರ್ಷ ಬರೀ ಸೊಟ್ಟಕಾಯಿ ಬಿಟ್ಟಿತು. ಪಾಪ, ದುಡ್ಡು ಹಿಡಿದು ಅಜ್ಜಿಯ ಬಳಿ ಹೋದಳು.

“ನಾನು ಬೀಜ ಮಾರಲ್ಲ, ಕೊಡೋದೂ ಇಲ್ಲ ಕಣೇ. ಊಟ ಆದ್ಮೇಲೆ ಮಲಗ್ತೀನಿ. ಹಿತ್ತಲ ಬಾಗಿಲು ತೆಗೆದೇ ಇರುತ್ತೆ, ನಾಯೀನೂ ಕಟ್ಟಿರ್ತೀನಿ,” ಎಂದಳು ಅಜ್ಜಿ.

ಪೆರ್ಲಿಟಾ ಕಣ್ಣು ಕಣ್ಣು ಬಿಟ್ಟಳು. ಜೊತೆಗೆ ಹೋಗಿದ್ದ ನಾನೇ ಹೊರಗೆ ಬಂದು ಬಿಡಿಸಿ ಹೇಳಬೇಕಾಯಿತು: “ಕದ್ದ ಬೀಜಾನೇ ಚೆನ್ನಾಗಿ ಕಾಯಿ ಬಿಡೋದು, ಪೆದ್ದಿ. ಊರೋರೆಲ್ಲ ಅಲ್ಲೇ ಕದ್ದಿರೋದು. ಹೋಗು.”

ಮಧ್ಯಾಹ್ನ ಅವಳು ಒಳಗೆ ಕಾಲಿಟ್ಟಳು. ನಾನು ಬಾಗಿಲಲ್ಲಿ ಕಾವಲು ನಿಂತೆ. ಮಂಚದ ಮೇಲೆ ಅಜ್ಜಿಯ ಗೊರಕೆ ಜೋರಾಗಿತ್ತು. ಪೆರ್ಲಿಟಾ ಕೈಗೆ ಸಿಕ್ಕ ಕಾಯಿಯ ದಾರ ಬಿಚ್ಚುವಷ್ಟರಲ್ಲಿ ಗೊರಕೆ ನಿಂತಿತು.

“ಅದು ಜೊಳ್ಳು ಕಣೇ. ಪಕ್ಕದ ದಪ್ಪದ್ದನ್ನ ಕದಿ,” ಎಂದ ಅಜ್ಜಿ, ಕಣ್ಣು ತೆರೆಯದೆಯೇ ಮತ್ತೆ ಗೊರಕೆ ಹೊಡೆಯತೊಡಗಿದಳು.