ಲಕ್ಷ್ಮೀಶರ ಐದನೇ ಗೇರು

ಲಕ್ಷ್ಮೀಶರು ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ಸಿಡ್ನಿಗೆ ಬಂದು, ಹದಿನೆಂಟು ವರ್ಷ ಕುಡಿಯುವ ನೀರನ್ನು ಪರೀಕ್ಷೆ ಮಾಡಿದವರು. ಹೋದ ಮನೆಯಲ್ಲಿ ನೀರು ಕೊಟ್ಟರೂ ಲೋಟವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಿದ್ದರು. ಇಷ್ಟು ಎಚ್ಚರದ ಮನುಷ್ಯ ಬದುಕಿನಲ್ಲಿ ಹಿಂದುಮುಂದು ನೋಡದೆ ಮಾಡಿದ್ದು ಒಂದೇ ಕೆಲಸ. ೧೯೮೮ರಲ್ಲಿ, ನಿವೃತ್ತನಾಗುತ್ತಿದ್ದ ಸಹೋದ್ಯೋಗಿಯೊಬ್ಬನಿಂದ ಎಪ್ಪತ್ತನೇ ಇಸವಿಯ ಮೊನಾರೊ ಕಾರನ್ನು ಕೊಂಡುಬಿಟ್ಟರು. ಎರಡೇ ಬಾಗಿಲು, ಎಂಟು ಸಿಲಿಂಡರು, ನಾಲ್ಕು ಗೇರು, ಅರಿಸಿನದ ಬಣ್ಣ. ಸಿಡ್ನಿಯ ಗಿರಾವೀನ್ ಬಡಾವಣೆಯ ಅವರ ಬೀದಿಯಲ್ಲಿ ಅದು ಸ್ಟಾರ್ಟ್ ಆದರೆ ಎದುರುಮನೆಯ ನಾಯಿ ಮಂಚದಡಿ ಸೇರುತ್ತಿತ್ತು.

ಹೆಂಡತಿ ಅನಸೂಯಾ ಕಾರನ್ನು ಸಹಿಸಿಕೊಂಡಿದ್ದರು, ೧೯೯೨ರ ನವೆಂಬರ್‌ವರೆಗೆ. ಆ ವರ್ಷ ಮೆಲ್ಬರ್ನ್ ಕನ್ನಡಿಗರ ರಾಜ್ಯೋತ್ಸವದಲ್ಲಿ ಅವರ ಹಾಡುಗಾರಿಕೆ ಇತ್ತು. ಗೆಳತಿ ವಿಜಯಾ ಏರ್ಪಡಿಸಿದ್ದು. ಒಂಬತ್ತು ಗಂಟೆಯ ದಾರಿಯುದ್ದಕ್ಕೂ ಅನಸೂಯಾ ಕಾರಿನಲ್ಲೇ ಅಭ್ಯಾಸ ಮಾಡಿದರು. ಶ್ರುತಿಪೆಟ್ಟಿಗೆ ಡಿಕ್ಕಿಯಲ್ಲಿತ್ತು. ಸಭಾಂಗಣ ಮುಟ್ಟಿದವರೇ ವೇದಿಕೆ ಹತ್ತಿ, ಕಿವಿಯಲ್ಲಿ ಕೂತಿದ್ದ ಸ್ವರಕ್ಕೆ ಪೆಟ್ಟಿಗೆಯ ತಿರುಪು ಹೊಂದಿಸಿ ಹಾಡಲು ತೊಡಗಿದರು. ಮೇಲಿನ ಷಡ್ಜ ಬಂದಾಗ ದನಿ ಒಡೆಯಿತು. ಎರಡನೇ ಸಲವೂ ಒಡೆಯಿತು. ಮೂರನೇ ಸಲ ಮುಂದಿನ ಸಾಲಿನ ಮಗುವೊಂದು, "ಮಮ್ಮಿ, ಈಸ್ ಆಂಟಿ ಕ್ರೈಯಿಂಗ್?" ಎಂದು ಎಲ್ಲರಿಗೂ ಕೇಳಿಸುವಂತೆ ವಿಚಾರಿಸಿತು.

ಅನಸೂಯಾ ಮೊದಲು ನೆಗಡಿಯನ್ನು ಬೈದರು, ಆಮೇಲೆ ಮೈಕನ್ನು, ಆಮೇಲೆ ವಿಜಯಾ ಕೊಟ್ಟ ಫ್ರಿಜ್ಜಿನ ಪಾಯಸವನ್ನು. ಲಕ್ಷ್ಮೀಶರು ಸುಮ್ಮನಿದ್ದಿದ್ದರೆ ಅವರ ಕಾರು ಬಚಾವಾಗುತ್ತಿತ್ತು. ಆದರೆ ಕಾರಣ ಸಿಗದೆ ಅವರಿಗೆ ಊಟ ಸೇರದು. ಒಂದು ಭಾನುವಾರ ಕಾಗದ ಹಿಡಿದು ಬಂದರು.

"ತಪ್ಪು ನಿಂದಲ್ಲ ಅನಸೂಯಾ. ನೂರಾಹತ್ತರಲ್ಲಿ ಹೋಗುವಾಗ ಎಂಜಿನ್ನು ನಿಮಿಷಕ್ಕೆ ಮೂರು ಸಾವಿರದ ಎಂಬತ್ತು ಸುತ್ತು. ಪ್ರತಿ ಸುತ್ತಿಗೂ ನಾಲ್ಕು ಸಿಲಿಂಡರು ಸಿಡಿಯುತ್ತೆ. ಸೆಕೆಂಡಿಗೆ ಇನ್ನೂರೈದು ಕಂಪನ ಆಯ್ತು. ನೀನು ಹಾಡೋ ಐದು ಮನೆ ಶ್ರುತಿ ನೂರಾ ತೊಂಬತ್ತಾರು. ಕಾರಿಂದು ಹತ್ತಿರಹತ್ತಿರ ಐದೂವರೆ. ಒಂಬತ್ತು ಗಂಟೆ ಅದರ ಜೊತೆ ಹಾಡಿ ಹಾಡಿ, ಅದೇ ನಿನ್ನ ಕಿವೀಲಿ ಕೂತುಬಿಟ್ಟಿದೆ."

ಶ್ರುತಿ ಅರ್ಧ ಮನೆ, ಅಂದರೆ ಹಾರ್ಮೋನಿಯಮ್ಮಿನ ಒಂದು ಕೀಲಿಯಷ್ಟು, ಏರಿದರೆ ಕೇಳುವವರಿಗೆ ಏನೂ ಅಲ್ಲ. ಹಾಡುವವರಿಗೆ ಅದು ಮಹಡಿ ಹತ್ತಿದ ಮೇಲೆ ಕಾಲು ಹುಡುಕುವ, ಅಲ್ಲಿ ಇಲ್ಲದ ಮೆಟ್ಟಿಲು.

"ಅಂದ್ರೆ ಅಷ್ಟು ಜನರ ಮುಂದೆ ನನ್ನ ಮಾನ ಕಳೆದದ್ದು ನಿಮ್ಮ ಕಾರು."

"ವೈಜ್ಞಾನಿಕವಾಗಿ ಹೇಳೋದಾದ್ರೆ, ಹೌದು."

"ಹಾಗಾದ್ರೆ ಮಾರಿಬಿಡಿ."

ಲಕ್ಷ್ಮೀಶರು ಅರ್ಧ ಗಂಟೆ ಗರಾಜಿನಲ್ಲಿ ಒಬ್ಬರೇ ಕೂತು ಬಂದರು. "ಒಂದು ಚಾನ್ಸ್ ಕೊಡು. ಈಗಿನ ಕಾರುಗಳಲ್ಲಿ ಐದು ಗೇರಿರುತ್ತೆ. ಅದನ್ನ ಇದಕ್ಕೆ ಕೂರಿಸ್ತೀನಿ. ಐದನೇದಕ್ಕೆ ಹಾಕಿದ್ರೆ ಅದೇ ವೇಗಕ್ಕೆ ಎಂಜಿನ್ನು ಮುಕ್ಕಾಲಿಗಿಂತ ಚೂರು ಕಮ್ಮಿ ತಿರುಗಿದ್ರೆ ಸಾಕು. ಗಲಾಟೆ ಇಳಿಯುತ್ತೆ."

"ಮುಂದಿನ ನವೆಂಬರ್ ಇದರಲ್ಲೇ ಹೋಗೋಣ. ನನ್ನ ಮೇಲಿನ ಷಡ್ಜ ನಿಂತರೆ ಕಾರೂ ನಿಲ್ಲಲಿ. ಇಲ್ಲಾಂದ್ರೆ ಅದನ್ನ ಮೆಲ್ಬರ್ನ್‌ನಲ್ಲೇ ಮಾರಿ, ಪ್ಲೇನಲ್ಲಿ ವಾಪಸ್."

ಅಪಘಾತವಾದ ಹೊಸ ಕಾರೊಂದರ ಗೇರ್‌ಬಾಕ್ಸು ಗುಜರಿಯಿಂದ ಬಂತು. ಅದನ್ನು ಎತ್ತಿ ಹಿಡಿಯಲು ಗೆಳೆಯ ಮೂರ್ತಿ ಬಂದರು. ಅವರು ಮೂಳೆ ಡಾಕ್ಟರು. ಲಕ್ಷ್ಮೀಶರು ಬಿಚ್ಚಿದ ಒಂದೊಂದು ಬೋಲ್ಟನ್ನೂ ನೀರಿನ ಮಾದರಿಯ ಬಾಟಲಿಗೆ ಹಾಕಿ, ತಾರೀಖು ಬರೆದು ಚೀಟಿ ಅಂಟಿಸಿದರು. ಹೊಸ ಗೇರ್‌ಬಾಕ್ಸಿನ ಕೋಲು ಹಳೆಯ ತೂತಿಗಿಂತ ಹಿಂದೆ ಬರುತ್ತಿತ್ತು, ಕಾರಿನ ನೆಲ ಕತ್ತರಿಸಬೇಕಾಯಿತು. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒರೆಸಿ, ಮತ್ತೆ ಅಳೆಯುತ್ತಿದ್ದ ಲಕ್ಷ್ಮೀಶರನ್ನು ನೋಡಿ ಮೂರ್ತಿಗೆ ತಾಳ್ಮೆ ತಪ್ಪಿತು.

"ಐದು ಸಲ ಅಳೆದ್ಯಲ್ಲಯ್ಯಾ! ನಾನು ಹೀಗೆ ಮಾಡಿದ್ರೆ ಪೇಷೆಂಟು ಟೇಬಲ್ ಮೇಲಿಂದ ಎದ್ದು ಮನೆಗೆ ಹೋಗ್ತಾನೆ."

"ನಿನ್ನ ಪೇಷೆಂಟಿಗೆ ಹೊಲಿಗೆ ಹಾಕಬಹುದು ಕಣೋ."

ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಶಾಫ್ಟು ಎರಡು ಇಂಚು ಹೆಚ್ಚಾಯಿತು. "ಇದು ನನ್ನ ಸಬ್ಜೆಕ್ಟು," ಎಂದು ಮೂರ್ತಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ಕತ್ತರಿಸಬೇಕೆಂದು ಗುರುತು ಹಾಕಿದರು. ವರ್ಕ್‌ಶಾಪಿನವನು ಅಲ್ಲೇ ಕತ್ತರಿಸಿ ಬೆಸುಗೆ ಹಾಕಿದ. ಸ್ಪೀಡೋಮೀಟರಿನ ಕೇಬಲ್ಲು ಮಾತ್ರ ಮೋಟಾಗಿ, ಅದಕ್ಕೊಂದು ತುಂಡು ಜೋಡಿಸಬೇಕಾಯಿತು. ಅಕ್ಟೋಬರಿನಲ್ಲಿ ಎಂಜಿನಿಯರೊಬ್ಬ ಎಲ್ಲ ಪರೀಕ್ಷಿಸಿ, ರಸ್ತೆಗಿಳಿಸಬಹುದೆಂದು ಸರ್ಟಿಫಿಕೇಟ್ ಕೊಟ್ಟ.

ನವೆಂಬರಿನಲ್ಲಿ ಹೊರಟಾಗ ಶ್ರುತಿಪೆಟ್ಟಿಗೆ ಡಿಕ್ಕಿಗೆ ಹೋಗಲಿಲ್ಲ. ಅನಸೂಯಾ ಅದನ್ನು ಐದು ಮನೆಗೆ ಇಟ್ಟು ಮಡಿಲಲ್ಲಿ ಹಿಡಿದು ಕೂತರು. ಹೆದ್ದಾರಿ ಸೇರಿ ಲಕ್ಷ್ಮೀಶರು ಐದನೇ ಗೇರಿಗೆ ಹಾಕಿದೊಡನೆ ಗರ್ಜನೆ ಇಳಿದು ಗುಂಯ್‌ಗುಡುವ ದನಿಯಾಯಿತು. ಅನಸೂಯಾ ತಲೆ ಓರೆ ಮಾಡಿ ಕೇಳಿದರು.

"ರೀ, ಸ್ವಲ್ಪ ಒತ್ತಿ."

"ಯಾಕೆ?"

"ಒತ್ತಿ ಅಂದ್ನಲ್ಲ. ಇನ್ನೊಂಚೂರು... ಸಾಕು ಸಾಕು! ಹೀಗೇ ಇರಿ." ಅವರ ಮುಖ ಅರಳಿತು. "ಕೆಳಗಿನ ಪಂಚಮ ಹಿಡಿದಿದೆ ರೀ. ಕಾರಲ್ಲ ಇದು, ತಂಬೂರಿ!"

ಮುಳ್ಳು ನೂರಾ ಎಂಟರಲ್ಲಿತ್ತು. ಲಕ್ಷ್ಮೀಶರು ಮನಸ್ಸಿನಲ್ಲೇ ಗುಣಿಸಿದರು: ಸೆಕೆಂಡಿಗೆ ನೂರಾ ನಲವತ್ತೇಳು. ನೂರಾ ತೊಂಬತ್ತಾರರ ಸರಿಯಾಗಿ ಮುಕ್ಕಾಲು, ಷಡ್ಜಕ್ಕೆ ಕೆಳಗಿನ ಪಂಚಮ ಇರಬೇಕಾದ ಜಾಗ. ಇಡೀ ವರ್ಷ ಲೆಕ್ಕ ಹಾಕಿದವರಿಗೆ ಇದೊಂದೇ ಹೊಳೆದಿರಲಿಲ್ಲ.

ದಾರಿಯಲ್ಲಿ ಗನ್‌ಡಗೈ ಊರು ದಾಟಿದ ಮೇಲೆ ಕೇಬಲ್ಲಿನ ಜೋಡಣೆ ಕಳಚಿ ಮುಳ್ಳು ಸೊನ್ನೆಗೆ ಬಿತ್ತು. ಕಾನೂನು ಎಂದರೆ ಜೀವ ಬಿಡುವ ಲಕ್ಷ್ಮೀಶರು ಪೆಡಲಿನಿಂದ ಕಾಲು ತೆಗೆದರು. ಮಿತಿ ನೂರಾಹತ್ತು.

"ಗಾಬರಿ ಯಾಕೆ, ನಾನಿದೀನಲ್ಲ," ಎಂದರು ಅನಸೂಯಾ. ಏರು ಬಂದರೆ "ಇಳೀತಿದೆ, ಒತ್ತಿ," ಇಳಿಜಾರು ಬಂದರೆ "ಏರ್ತಿದೆ, ಕಾಲು ತೆಗೀರಿ," ಎನ್ನುತ್ತ, ನಡುನಡುವೆ ಆಲಾಪನೆ ಮುಂದುವರಿಸಿದರು. ಹೀಗೆ ಇಪ್ಪತ್ತು ಕಿಲೋಮೀಟರು ಹೋಗುವಷ್ಟರಲ್ಲಿ ಹಿಂದೆ ಪೊಲೀಸ್ ಕಾರಿನ ನೀಲಿ ದೀಪ ಹತ್ತಿತು.

ಪೊಲೀಸಿನವನು ಕಿಟಕಿಗೆ ಬಗ್ಗಿ, ಎಷ್ಟು ವೇಗದಲ್ಲಿದ್ದಿರಿ ಎಂದು ಕೇಳಿದ. ನೂರಾ ಎಂಟು ಎಂದರು ಲಕ್ಷ್ಮೀಶರು.

"ನಿಮ್ಮ ಮುಳ್ಳು ಸತ್ತಿದೆ, ಮೇಟ್. ಹೇಗೆ ಗೊತ್ತು?"

ಲಕ್ಷ್ಮೀಶರಿಗೆ ಸುಳ್ಳು ಬರುವುದಿಲ್ಲ. "ನನ್ನ ಹೆಂಡತಿ ಹೇಳಿದಳು. ಅವಳು ಸಂಗೀತಗಾರ್ತಿ."

ಅನಸೂಯಾ ಪೆಟ್ಟಿಗೆ ಎತ್ತಿ ತೋರಿಸಿ, ಸಾಕ್ಷಿಗೆ ಷಡ್ಜ ಪಂಚಮ ಹಾಡಿದರು. ಅವನು ತನ್ನ ಕಾರಿಗೆ ಹೋಗಿ ರೇಡಾರ್ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡು ಬಂದ. ನೂರಾ ಎಂಟೇ ಇತ್ತು. ನಿಜ ಹೇಳಬೇಕೆಂದರೆ ತಾನು ನಿಲ್ಲಿಸಿದ್ದು ಇಂಥ ಕಾರನ್ನು ಹತ್ತಿರದಿಂದ ನೋಡುವ ಆಸೆಗೆ ಎಂದ. ಸುತ್ತ ಒಂದು ಪ್ರದಕ್ಷಿಣೆ ಬಂದು, ಕೇಬಲ್ಲು ಹದಿನಾಲ್ಕು ದಿನದಲ್ಲಿ ಸರಿಮಾಡಿಸಿ ಎಂದು ಚೀಟಿ ಬರೆದುಕೊಟ್ಟು ಹೋದ.

ಆ ಸಂಜೆ ಮೆಲ್ಬರ್ನ್‌ನಲ್ಲಿ ಲಕ್ಷ್ಮೀಶರು ಮೂರನೇ ಸಾಲಿನಲ್ಲಿ ಕುರ್ಚಿಯ ಅಂಚು ಹಿಡಿದು ಕೂತಿದ್ದರು. ಹಾಡು ಚರಣಕ್ಕೆ ಬಂತು. ದನಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವಾಗ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತತೊಡಗಿತು. ಮೇಲಿನ ಷಡ್ಜ ಬಂತು. ನಿಂತಿತು. ಚಪ್ಪಾಳೆ ಬಿದ್ದ ಮೇಲೂ ಅವರು ಕಾಲು ತೆಗೆದಿರಲಿಲ್ಲ.

ವಾಪಸ್ಸು ಬರುವಾಗ ಗೆದ್ದ ಖುಷಿಯಲ್ಲಿ ಅವರೇ ಹೇಳಿದರು: "ಇನ್ನೊಂದು ದೊಡ್ಡ ಸೈಲೆನ್ಸರ್ ಹಾಕಿಸಿದ್ರೆ ಈ ಸದ್ದೂ ಇರಲ್ಲ, ನೋಡು."

"ಕೈ ಇಟ್ಟೀರಿ ಜೋಕೆ," ಎಂದರು ಅನಸೂಯಾ. "ತಂಬೂರಿಗೆ ಯಾರಾದ್ರೂ ಬಟ್ಟೆ ತುರುಕ್ತಾರಾ? ಮುಂದೆ ನೋಡಿ ಓಡಿಸಿ. ಪಂಚಮ ಇಳೀತಿದೆ."