ಕರಡಿಯ ಕೈಗೆ ಸೇರಿದ ದಾಸವಾಳ

ಯಲ್ಲಾಪುರದ ಕಡೆ ಹೊಟ್ಟು ತುಂಬಿ ನಿಲ್ಲಿಸಿದ ಸತ್ತ ಕಾಡುಪ್ರಾಣಿಗಳ ಸಂಗ್ರಹಾಲಯವೊಂದಿದೆ, ಸುತ್ತ ಚಂದದ ಹೂದೋಟವಿದೆ ಎಂದು ಯಾರೋ ಹೇಳಿದ್ದೇ ತಡ, ಶಿರಸಿಯ ನನ್ನ ದೊಡ್ಡಮ್ಮ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು. ಪ್ರಾಣಿಗಳ ಮೇಲಿನ ಪ್ರೀತಿಗಲ್ಲ. ಯಾರ ಅಂಗಳಕ್ಕೆ ಹೋದರೂ ಮನೆಯಲ್ಲಿ ನೆಡಲೆಂದು ಅಲ್ಲಿಯ ಹೂಗಿಡದ ಒಂದು ಟೊಂಗೆ ಮುರಿದುಕೊಳ್ಳದೆ ಬರುವವಳಲ್ಲ ಅವಳು.

ಗೇಟು ದಾಟುತ್ತಿದ್ದಂತೆ ಹಳದಿ ದಾಸವಾಳವೊಂದು ಅವಳ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ‘ಗಿಡ ಮುಟ್ಟಬಾರದು’ ಎಂಬ ಬೋರ್ಡು. ಬೋರ್ಡಿಗೆ ಒರಗಿಕೊಂಡೇ ಕಾವಲುಗಾರ.

“ಕೂಸೆ, ನೀನು ಅವನ್ನ ಒಳಗೆ ಕರ್ಕಂಡು ಹೋಗು. ಎಂತಾದ್ರೂ ಕೇಳ್ತಾ ಇರು,” ಎಂದಳು ಕಿವಿಯಲ್ಲಿ.

ಏನು ಕೇಳುವುದು? ಬಾಗಿಲ ಮೇಲಿನ ಚಿತ್ರ ತೋರಿಸಿ, “ಈ ಕಾಡುಕೋಣ ನಮ್ಮನೆ ಎಮ್ಮೆಗೆ ಏನಾಗಬೇಕು?” ಎಂದೆ.

ಕಾವಲುಗಾರ ಬನವಾಸಿ ಕಡೆಯ ಮನುಷ್ಯ. “ದೂರದ ಸಂಬಂಧರೀ. ಬರ್ರಿ, ತೋರಸ್ತೀನಿ,” ಎಂದು ಹಿಗ್ಗಿನಿಂದ ಹೊರಟ. ಅವನನ್ನು ಈವರೆಗೆ ಯಾರೂ ಏನನ್ನೂ ಕೇಳಿರಲಿಲ್ಲವೆಂದು ಕಾಣುತ್ತದೆ, ಮಾತು ನಿಲ್ಲಿಸಲೇ ಇಲ್ಲ. ಕೇಳುವುದೆಲ್ಲ ಮುಗಿದು, ಹೆಬ್ಬಾವಿಗೆ ಬಿಕ್ಕಳಿಕೆ ಬರುತ್ತದೆಯೇ ಎಂದೂ ಕೇಳಿದೆ. ಅವನು ಬಿಕ್ಕಳಿಸಿಯೇ ತೋರಿಸಿದ. ಇಬ್ಬರೂ ಜೋರಾಗಿ ನಕ್ಕೆವು.

ಅಷ್ಟರಲ್ಲಿ ದೊಡ್ಡಮ್ಮ ಸೆರಗನ್ನು ಬಿಗಿಯಾಗಿ ಹೊದ್ದು ಒಳಗೆ ಬಂದಳು. ಎರಡು ಕಾಲಿನ ಮೇಲೆ ನಿಲ್ಲಿಸಿದ್ದ ಸತ್ತ ಕರಡಿಯ ಎದುರು ಬಂದು ನಿಂತವಳು ಇದ್ದಕ್ಕಿದ್ದಂತೆ ಭುಜ ಕುಣಿಸಿದಳು. ಆಮೇಲೆ ಸೊಂಟ. ಆಮೇಲೆ ಇಡೀ ದೊಡ್ಡಮ್ಮನೇ ಕುಣಿಯತೊಡಗಿದಳು. ಟೊಂಗೆಯ ಜೊತೆಗೆ ಕೆಂಜಿಗದ ಇರುವೆಗಳೂ ಸೆರಗಿನೊಳಗೆ ಬಂದಿದ್ದವು.

“ಹೆದರಬ್ಯಾಡ್ರಿ ಅವ್ವಾ! ಅದು ಸತ್ತು ಭಾಳ ವರ್ಷ ಆತ್ರಿ!” ಎಂದು ಕಾವಲುಗಾರ ಕರಡಿಯ ಹೊಟ್ಟೆಗೆ ಎರಡು ಬಾರಿಸಿ ತೋರಿಸಿದ. ಎದ್ದ ಧೂಳಿಗೆ ಮೂವರೂ ಸೀನಿದೆವು. ದೊಡ್ಡಮ್ಮನ ಸೀನಿಗೆ ಟೊಂಗೆ ಕೆಳಗೆ ಬಿತ್ತು.

“ಇದು ಯಾರ್ದ್ರೀ?”

“ಕರಡಿದು,” ಎಂದಳು ದೊಡ್ಡಮ್ಮ, ಒಂದಿಷ್ಟೂ ತಡವರಿಸದೆ.

ಅವನು ಟೊಂಗೆ ನೋಡಿದ, ಇರುವೆ ನೋಡಿದ, ದೊಡ್ಡಮ್ಮನನ್ನು ನೋಡಿದ. “ಹಂಗಾರ ಅದರ ಕೈಯಾಗ ಇರ್ಲಿ ಬಿಡ್ರಿ,” ಎಂದು ಟೊಂಗೆಯನ್ನು ಕರಡಿಯ ಉಗುರುಗಳ ನಡುವೆ ಸಿಕ್ಕಿಸಿದ. ಹೆಣ್ಣು ನೋಡಲು ಬಂದ ವರನ ಹಾಗೆ ಕಂಡಿತು ಕರಡಿ. ನಮ್ಮ ಹಿಂದೆಯೇ ಬಂದ ಕುಟುಂಬವೊಂದು, ಕರಡಿ ದಾಸವಾಳ ತಿನ್ನುತ್ತದಂತೆ ಎಂದು ಮಾತಾಡಿಕೊಂಡು ಫೋಟೊ ಹೊಡೆದುಕೊಂಡಿತು.

ಬಸ್ಸಿನಲ್ಲಿ ದೊಡ್ಡಮ್ಮನ ಸಿಟ್ಟೆಲ್ಲ ನನ್ನ ಮೇಲೆ. “ನಿಂಗಳಿಬ್ರೂ ನಗ್ತಾ ಇದ್ದಿದ್ದು ಕೇಳಿ, ಎಂತ ಇದ್ದು ನೋಡಲೆ ಆನು ಇರುವೆ ಕೊಡವದೂ ಮರ್ತು ಓಡಿಬಂದೆ!”

ಶಿರಸಿ ಬರುವವರೆಗೂ ಅವಳ ಬೆನ್ನು ಕೆರೆಯುವ ಕೆಲಸ ನನಗೆ ಬಿತ್ತು.